ತಲೆಗೆ ಹೆಲ್ಮೆಟ್ ಒಂದೇ ಸಾಲದು: ಮೋಟಾರ್ ಸ್ಪೋರ್ಟ್ಸ್ ಫೆಡರೇಷನ್‌ಗೆ ಮಂಗಳೂರಿನಿಂದ ಒಂದು ಬಹಿರಂಗ ಪತ್ರ

ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾದ ಪದಾಧಿಕಾರಿಗಳಿಗೆ,

ನಮಸ್ಕಾರ.

ನಮ್ಮ ದೇಶದಲ್ಲಿ ಈಗ ಎರಡು ಬಗೆಯ ಫಾರ್ಮುಲಾ ಕಾರುಗಳು, ಅಂದರೆ ಒಬ್ಬರೇ ಕೂರುವ, ಮೇಲೆ ತೆರೆದಿರುವ ರೇಸ್ ಕಾರುಗಳು, ಓಡುತ್ತಿವೆ. ಒಂದರಲ್ಲಿ ಚಾಲಕನ ತಲೆಯ ಸುತ್ತ ಹ್ಯಾಲೋ ಎಂಬ ಲೋಹದ ಬಳೆಯಂಥ ರಕ್ಷಣೆ ಇದೆ. ಇನ್ನೊಂದರಲ್ಲಿ ಇಲ್ಲ. 2023ರಲ್ಲಿ ಶುರುವಾದ ಎಫ್4 ಇಂಡಿಯನ್ ಚಾಂಪಿಯನ್‌ಶಿಪ್‌ನ ಕಾರು ಮೊದಲ ಬಗೆಯದು. ಎಲ್‌ಜಿಬಿ ಫಾರ್ಮುಲಾ 4ರಂಥ ನಮ್ಮ ಹಳೆಯ ದೇಶಿ ಕಾರುಗಳು ಎರಡನೆಯ ಬಗೆಯವು. ಮಂಗಳೂರು, ಉಡುಪಿ ಕಡೆಯ ಮಕ್ಕಳು ರೇಸಿಂಗ್ ಕಲಿಯಲು ಹೊರಟರೆ ಹೆಚ್ಚಾಗಿ ಕೈಗೆ ಎಟಕುವುದು ಈ ಎರಡನೆಯದೇ. ಕಾರಣ ದುಡ್ಡು, ಬೇರೇನಲ್ಲ.

ನನ್ನ ಕೋರಿಕೆ ಇಷ್ಟು. ಕಡಿಮೆ ದುಡ್ಡಿನ ಕಾರಿನಲ್ಲಿ ಕೂರುವವರ ತಲೆಗೂ ಹ್ಯಾಲೋ ಕೊಡಿ. ಇಂಥ ವರ್ಷದಿಂದ ಹ್ಯಾಲೋ ಇಲ್ಲದ ಸಿಂಗಲ್ ಸೀಟರ್‌ಗೆ ರಾಷ್ಟ್ರೀಯ ರೇಸಿನಲ್ಲಿ ಜಾಗವಿಲ್ಲ ಎಂದು ಈಗಲೇ ಒಂದು ದಿನಾಂಕ ಹೇಳಿ. ಆ ದಿನಾಂಕದವರೆಗೆ ಹಳೆಯ ಕಾರುಗಳಲ್ಲಿ ಮಾಡಬಹುದಾದ ಕೆಲಸಗಳನ್ನು ಕಟ್ಟುನಿಟ್ಟಾಗಿ ಮಾಡಿಸಿ.

ನಾನು ಬಿಜೈಯಲ್ಲಿ ಸಣ್ಣದೊಂದು ಗ್ಯಾರೇಜು ನಡೆಸುತ್ತೇನೆ. ರೇಸ್ ಇದ್ದಾಗ ಇಂಟರ್‌ಸಿಟಿ ಹತ್ತಿ ಕೊಯಮತ್ತೂರಿಗೆ, ಇಲ್ಲವೇ ಚೆನ್ನೈಗೆ ಮೆಕ್ಯಾನಿಕ್ ಆಗಿ ಹೋಗುತ್ತೇನೆ. ನಮ್ಮೂರಿನ ಹುಡುಗರು ಬೆಲ್ಟ್ ಬಿಗಿದು ಕೂತ ಮೇಲೆ ಅವರ ಹೆಲ್ಮೆಟ್ ಪಟ್ಟಿ ಎಳೆದು ನೋಡುವುದು ನನ್ನ ಕೆಲಸ. ಅವರ ಅಪ್ಪ ಅಮ್ಮಂದಿರು ಪಿಟ್ ಗೋಡೆಯ ಹಿಂದೆ ನಿಂತಿರುತ್ತಾರೆ. ಉಡುಪಿಯ ಒಬ್ಬ ತಾಯಿ ಒಮ್ಮೆ ನನ್ನನ್ನು ಕೇಳಿದರು: “ಟಿವಿಯಲ್ಲಿ ನೋಡುವ ಕಾರಿಗೆ ತಲೆಯ ಮೇಲೆ ಒಂದು ಬಳೆ ಹಾಗೆ ಉಂಟಲ್ಲ, ಇವನ ಕಾರಿಗೆ ಯಾಕೆ ಇಲ್ಲ?” ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ಅದಕ್ಕೇ ಈ ಪತ್ರ.

ಹ್ಯಾಲೋ ಇಲ್ಲದ ಕಾರುಗಳಲ್ಲಿ ಈಗ ತಲೆಯನ್ನು ಕಾಯುವುದು ಎರಡೇ. ಬೆನ್ನ ಹಿಂದಿನ ಲೋಹದ ಕಮಾನು, ಅಂದರೆ ರೋಲ್ ಹೂಪ್, ಮತ್ತು ಹೆಲ್ಮೆಟ್. ಕಾರು ಮಗುಚಿದರೆ ರೋಲ್ ಹೂಪ್ ನೆಲಕ್ಕೆ ತಾಗಿ ತಲೆಗೆ ಜಾಗ ಉಳಿಸುತ್ತದೆ. ಆದರೆ ಮುಂದಿನಿಂದ ಬರುವುದಕ್ಕೆ ಅದು ಏನೂ ಮಾಡದು. ಮುಂದಿನಿಂದ ಏನು ಬರುತ್ತದೆ? ಕಳಚಿದ ವೀಲ್ ಬರುತ್ತದೆ. ಮುಂದಿನ ಕಾರಿನ ಮುರಿದ ಮೂಗು ಬರುತ್ತದೆ. ಮುಂದಿನ ಕಾರಿನ ಟೈರಿಗೆ ಟೈರು ತಾಗಿದರೆ ಒಂದು ಇಡೀ ಕಾರೇ ಹಾರಿ ಬರುತ್ತದೆ. ಟೈರುಗಳು ಹೊರಗೇ ಇರುವ ಓಪನ್ ವೀಲ್ ಕಾರಿನ ಸ್ವಭಾವವೇ ಅದು. ಓಡುವ ಎರಡು ಟೈರುಗಳು ಒಂದಕ್ಕೊಂದು ತಾಗಿದರೆ ಒಂದು ಮತ್ತೊಂದನ್ನು ಹತ್ತುತ್ತದೆ.

“ಒಳ್ಳೆಯ ಹೆಲ್ಮೆಟ್ ಹಾಕಿದರೆ ಸಾಕಲ್ವಾ?” ಎಂದು ಕೇಳುವವರು ಜಾಸ್ತಿ. ಅವರಿಗಾಗಿ ಸ್ವಲ್ಪ ಲೆಕ್ಕ ಹೇಳುತ್ತೇನೆ.

ಈಗಿರುವ ಅತಿ ಗಟ್ಟಿ ಹೆಲ್ಮೆಟ್‌ಗಳು ವಿಶ್ವ ಮೋಟಾರ್ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎಯ 8860-2018 ಎಂಬ ಮಾನದಂಡದವು. ಅದರ ಪರೀಕ್ಷೆಯಲ್ಲಿ 10 ಕೆ.ಜಿ. ತೂಕವನ್ನು ಸುಮಾರು 5 ಮೀಟರ್ ಎತ್ತರದಿಂದ ಹೆಲ್ಮೆಟ್ ಮೇಲೆ ಬೀಳಿಸುತ್ತಾರೆ. ಆ ಹೊಡೆತದ ಶಕ್ತಿ ಸುಮಾರು 490 ಜೂಲ್. ಇನ್ನು ವೀಲ್ ನೋಡಿ. ಎಫ್‌ಐಎ ತನ್ನ ಪ್ರಯೋಗಗಳಲ್ಲಿ 20 ಕೆ.ಜಿ. ತೂಕದ ಫಾರ್ಮುಲಾ 1 (ಎಫ್1) ವೀಲ್ ಅನ್ನು ಗಂಟೆಗೆ 225 ಕಿ.ಮೀ. ವೇಗದಲ್ಲಿ ಹಾರಿಸಿ ನೋಡಿತ್ತು. ಅದರ ಶಕ್ತಿ ಸುಮಾರು 39,000 ಜೂಲ್. ಒಂದು ಟನ್ ತೂಕದ ಸಣ್ಣ ಕಾರನ್ನು 4 ಮೀಟರ್ ಎತ್ತರದಿಂದ ಬಿಟ್ಟರೆ ಆಗುವ ಹೊಡೆತ ಅದು. ಹೆಲ್ಮೆಟ್ ಪರೀಕ್ಷೆಗಿಂತ 80 ಪಟ್ಟು.

ನಮ್ಮ ಕಾರುಗಳು ಅಷ್ಟು ವೇಗ ಹೋಗುವುದಿಲ್ಲ, ಒಪ್ಪುತ್ತೇನೆ. ವೀಲ್ 15 ಕೆ.ಜಿ., ವೇಗ 150 ಕಿ.ಮೀ. ಎಂದೇ ಇಟ್ಟುಕೊಳ್ಳಿ. ಆಗಲೂ 13,000 ಜೂಲ್ ಬರುತ್ತದೆ. ಹೆಲ್ಮೆಟ್ ಪರೀಕ್ಷೆಯ 26 ಪಟ್ಟು. ಅದೂ ಅತಿ ದುಬಾರಿ ಹೆಲ್ಮೆಟ್‌ನ ಪರೀಕ್ಷೆಯ. “ನಮ್ಮದು ನಿಧಾನದ ಕ್ಲಾಸು, ಹ್ಯಾಲೋ ಬೇಡ” ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ವೀಲ್ ನೇರವಾಗಿ ತಲೆಗೆ ಬಂದರೆ ಯಾವ ಹೆಲ್ಮೆಟ್ಟೂ ಸಾಲದು. ಅದು ತಲೆಯ ತನಕ ಬಾರದ ಹಾಗೆ ನೋಡಿಕೊಳ್ಳಬೇಕು. ಹ್ಯಾಲೋ ಮಾಡುವುದು ಅದನ್ನೇ.

2009ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. 19ರಂದು ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಫಾರ್ಮುಲಾ ಟೂ ರೇಸ್. ಹೆನ್ರಿ ಸರ್ಟೀಸ್‌ಗೆ 18 ವರ್ಷ. 1964ರ ವಿಶ್ವ ಚಾಂಪಿಯನ್ ಜಾನ್ ಸರ್ಟೀಸ್ ಅವರ ಮಗ. ಬೇರೊಂದು ಕಾರು ಗೋಡೆಗೆ ಬಡಿದು ಅದರ ವೀಲ್ ಕಳಚಿತು. ಪುಟಿದು ಬಂದು ಹೆನ್ರಿಯ ತಲೆಗೆ ಬಡಿಯಿತು. ಆ ಹುಡುಗ ಏನೂ ತಪ್ಪು ಮಾಡಿರಲಿಲ್ಲ. ತನ್ನ ಪಾಡಿಗೆ ಕಾರು ಓಡಿಸುತ್ತಿದ್ದ. ಆತ ಉಳಿಯಲಿಲ್ಲ. ಆರು ದಿನಗಳ ನಂತರ ಹಂಗೇರಿಯ ಎಫ್1 ಟ್ರ್ಯಾಕಿನಲ್ಲಿ ರೂಬೆನ್ಸ್ ಬ್ಯಾರಿಕೆಲೋ ಅವರ ಕಾರಿನಿಂದ ಬಿದ್ದ ಒಂದು ಸ್ಪ್ರಿಂಗ್ ಫೆಲಿಪೆ ಮಾಸಾ ಅವರ ಹೆಲ್ಮೆಟ್‌ಗೆ, ಕಣ್ಣಿನ ಮೇಲ್ಗಡೆ ಹೊಡೆಯಿತು. ಮಾಸಾ ಬದುಕಿದರು. ಆ ವರ್ಷದ ಉಳಿದ ರೇಸುಗಳು ಅವರಿಗೆ ತಪ್ಪಿದವು.

ಒಂದೇ ವಾರದ ಈ ಎರಡು ಅಪಘಾತಗಳಿಂದ ಎರಡು ಬೇರೆ ಬೇರೆ ಕೆಲಸ ಹುಟ್ಟಿತು. ಸ್ಪ್ರಿಂಗ್‌ನಂಥ ಸಣ್ಣ ವಸ್ತುವಿಗೆ ಹೆಲ್ಮೆಟ್ಟೇ ಉತ್ತರ. 2011ರಿಂದ ಎಫ್1 ಹೆಲ್ಮೆಟ್ಟಿನ ವೈಸರ್‌ನ, ಅಂದರೆ ಮುಂದಿನ ಪಾರದರ್ಶಕ ಪರದೆಯ, ಮೇಲಂಚಿಗೆ ಜೈಲಾನ್ ಎಂಬ ಗಟ್ಟಿ ನಾರಿನ ಪಟ್ಟಿ ಬಂತು. 8860-2018 ಮಾನದಂಡದಲ್ಲಿ ಹೆಲ್ಮೆಟ್ಟಿನ ಕಣ್ಣಿನ ತೆರಪನ್ನು 10 ಮಿ.ಮೀ. ಇಳಿಸಿ, ಆ ಭಾಗಕ್ಕೆ ಗಟ್ಟಿ ಹೊದಿಕೆ ಕೊಟ್ಟರು. 225 ಗ್ರಾಂ ಲೋಹದ ತುಂಡನ್ನು ಗಂಟೆಗೆ 250 ಕಿ.ಮೀ. ವೇಗದಲ್ಲಿ ಹೊಡೆದು ಪರೀಕ್ಷೆ ಮಾಡುತ್ತಾರೆ. ವೀಲ್‌ನಂಥ ದೊಡ್ಡ ವಸ್ತುವಿನ ಉತ್ತರಕ್ಕೆ ಮಾತ್ರ ತುಂಬಾ ವರ್ಷ ಹಿಡಿಯಿತು. ಫೈಟರ್ ವಿಮಾನದ ಗಾಜಿನ ಹೊದಿಕೆ ತಂದು ಅದಕ್ಕೆ ವೀಲ್ ಹೊಡೆದು ನೋಡಿದರು. ಲೋಹದ ಕಂಬಿಗಳನ್ನು ಪ್ರಯತ್ನಿಸಿದರು. ಈ ನಡುವೆ, ಆಗಸ್ಟ್ 2015ರಲ್ಲಿ ಅಮೆರಿಕದ ಪೊಕೊನೊದಲ್ಲಿ ಜಸ್ಟಿನ್ ವಿಲ್ಸನ್ ಅವರ ತಲೆಗೆ ಮತ್ತೊಂದು ಕಾರಿನ ಮೂಗಿನ ತುಂಡು ಬಡಿದು ಅವರು ತೀರಿಹೋದರು.

ಹ್ಯಾಲೋ 2018ರಲ್ಲಿ ಎಫ್1ಗೆ, ಎಫ್2ಗೆ ಕಡ್ಡಾಯವಾಯಿತು. ಟೈಟಾನಿಯಂ ಕೊಳವೆ, ತೂಕ ಸುಮಾರು 7 ಕೆ.ಜಿ. ಚಾಲಕನ ಮುಂದೆ ಒಂದು ತೆಳು ಕಂಬ, ತಲೆಯ ಸುತ್ತ ಒಂದು ಬಳಸು. ಇಷ್ಟೇ. ಆದರೆ ಅದು ಸುಮಾರು 12 ಟನ್ ಭಾರ ತಾಳಬೇಕು. ಬಂದಾಗ ಬಹಳ ಜನರಿಗೆ ಹಿಡಿಸಲಿಲ್ಲ. ಹೆಚ್ಚಿನ ತಂಡಗಳಿಗೆ ಮನಸ್ಸಿರಲಿಲ್ಲ. ಗರಗಸ ಕೊಟ್ಟರೆ ಕತ್ತರಿಸಿ ತೆಗೆಯುತ್ತೇನೆ ಎಂದು ಮರ್ಸಿಡಿಸ್ ಮುಖ್ಯಸ್ಥ ಟೋಟೋ ವೋಲ್ಫ್ ಹೇಳಿದ್ದರು. ಎಫ್1 ಚಾಲಕ ರೊಮ್ಯಾನ್ ಗ್ರೋಜಾನ್ ಕೂಡ ವಿರೋಧಿಸಿದವರೇ. ಎಫ್‌ಐಎ ಯಾರ ಮಾತನ್ನೂ ಕಾಯದೆ, ಸುರಕ್ಷತೆಯ ವಿಷಯ ಎಂದು ನಿರ್ಧಾರ ಮಾಡಿಬಿಟ್ಟಿತು. ನೀವು ನೆನಪಿಡಬೇಕಾದ ಸಂಗತಿ ಇದು. ಎಲ್ಲರೂ ಒಪ್ಪುವ ತನಕ ಕಾದಿದ್ದರೆ ಮುಂದೆ ಏನೇನಾಗುತ್ತಿತ್ತು ನೋಡಿ.

ಮೊದಲ ವರ್ಷದಲ್ಲೇ ಬಾರ್ಸಿಲೋನಾದ ಎಫ್2 ರೇಸಿನಲ್ಲಿ ತದಾಸುಕೆ ಮಕಿನೊ ಅವರ ಕಾಕ್‌ಪಿಟ್ ಮೇಲೆ ಇನ್ನೊಂದು ಕಾರು ಹತ್ತಿತು. ಹ್ಯಾಲೋ ಮೇಲೆ ಟೈರಿನ ಗುರುತು ಬಿತ್ತು, ತಲೆಗೆ ಏನೂ ಆಗಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಚಾರ್ಲ್ಸ್ ಲೆಕ್ಲರ್ಕ್ ಅವರ ಮೇಲಿಂದ ಅಲೋನ್ಸೋ ಅವರ ಕಾರು ಹಾರಿತು. 2020ರ ನವೆಂಬರ್ 29ರಂದು ಬಹ್ರೇನ್‌ನಲ್ಲಿ ಗ್ರೋಜಾನ್ ಅವರ ಕಾರು ಗಂಟೆಗೆ 192 ಕಿ.ಮೀ. ವೇಗದಲ್ಲಿ ಕಬ್ಬಿಣದ ತಡೆಗೆ ನುಗ್ಗಿ ಎರಡು ತುಂಡಾಯಿತು, ಬೆಂಕಿ ಹಿಡಿಯಿತು. ಕಬ್ಬಿಣದ ಪಟ್ಟಿಗಳನ್ನು ಹ್ಯಾಲೋ ಸೀಳಿ ದಾರಿ ಮಾಡಿತು. ಇಲ್ಲದಿದ್ದರೆ ಆ ಕೆಲಸ ಅವರ ತಲೆ ಮಾಡಬೇಕಿತ್ತು. ಆಸ್ಪತ್ರೆಯ ಹಾಸಿಗೆಯಿಂದ ಅವರೇ ಹೇಳಿದರು, ಹಿಂದೆ ನಾನು ಇದನ್ನು ಬೇಡ ಎಂದಿದ್ದೆ, ಇದಿಲ್ಲದಿದ್ದರೆ ಇವತ್ತು ಮಾತಾಡಲು ನಾನಿರುತ್ತಿರಲಿಲ್ಲ ಎಂದು. 2021ರಲ್ಲಿ ಮೋನ್ಜಾದಲ್ಲಿ ವರ್ಸ್ಟಾಪೆನ್ ಕಾರಿನ ಹಿಂದಿನ ಚಕ್ರ ಹ್ಯಾಮಿಲ್ಟನ್ ತಲೆಯ ಮೇಲೆಯೇ ಬಂದಿತ್ತು. ಹ್ಯಾಮಿಲ್ಟನ್ ಕೂತಿದ್ದದ್ದು ವೋಲ್ಫ್ ಅವರದೇ ತಂಡದ ಕಾರಿನಲ್ಲಿ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು 2022ರ ಸಿಲ್ವರ್‌ಸ್ಟೋನ್. ಜೋ ಗ್ವಾನ್ಯು ಅವರ ಕಾರು ತಲೆಕೆಳಗಾಗಿ ಉಜ್ಜಿಕೊಂಡು ಹೋಯಿತು. ರೋಲ್ ಹೂಪ್ ಮುರಿದೇ ಹೋಯಿತು. ಎಫ್1 ಕಾರಿನ, ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಪಾಸಾದ ರೋಲ್ ಹೂಪ್! ಆಮೇಲೆ ಅವರ ತಲೆ ಮತ್ತು ನೆಲದ ನಡುವೆ ಉಳಿದದ್ದು ಹ್ಯಾಲೋ ಮಾತ್ರ. ಮುಂದಿನ ವರ್ಷಕ್ಕೆ ರೋಲ್ ಹೂಪ್ ನಿಯಮ ಬಿಗಿ ಮಾಡಿದರು. ಕೊಳವೆಗಳನ್ನು ಬೆಸೆದು ಕಟ್ಟಿದ ಚಾಸಿಯ (ಮೂಲ ಚೌಕಟ್ಟಿನ) ನಮ್ಮ ಕಾರುಗಳಲ್ಲಿ ಆ ಒಂದು ಹೂಪ್ ಕೈಕೊಟ್ಟರೆ ಎರಡನೆಯದು ಯಾವುದು? ಪ್ರತಿ ರೇಸಿಗೂ ಮುಂಚೆ ಆ ವೆಲ್ಡಿಂಗ್ ಮೇಲೆ ಬೆರಳಾಡಿಸಿ ನೋಡುವವನು ನಾನು. ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಈಗ ನೀವು ಹೇಳಬಹುದಾದ ಕಷ್ಟಗಳಿಗೆ ಬರುತ್ತೇನೆ.

ಹಳೆಯ ಕಾರಿಗೆ ಹ್ಯಾಲೋ ಸುಮ್ನೆ ಬೋಲ್ಟ್ ಹಾಕಿ ಕೂರಿಸಲು ಆಗುವುದಿಲ್ಲ. ಇದು ನಿಜ, ಇದನ್ನು ನಾನೇ ಮೊದಲು ಹೇಳುತ್ತೇನೆ. ಹ್ಯಾಲೋ ಮೂರು ಕಡೆ ಚಾಸಿಗೆ ಕೂರುತ್ತದೆ. ಆ ಮೂರು ಜಾಗಗಳೂ ಟನ್‌ಗಟ್ಟಲೆ ಭಾರ ತಾಳಬೇಕು. ಚಾಸಿ ಅದಕ್ಕೆಂದೇ ಕಟ್ಟಿದ್ದಲ್ಲದಿದ್ದರೆ ಹ್ಯಾಲೋ ಉಳಿದು ಅದರ ಬುಡ ಕಿತ್ತು ಬರುತ್ತದೆ. ಯಾರಾದರೂ ಉತ್ಸಾಹದಲ್ಲಿ ಗ್ಯಾರೇಜಿನಲ್ಲಿ ಪೈಪು ಬಗ್ಗಿಸಿ ವೆಲ್ಡ್ ಮಾಡಿ “ಹ್ಯಾಲೋ” ಹಾಕಿದರೆ ಅದು ಇನ್ನೂ ಅಪಾಯ. ಅಂಥದ್ದಕ್ಕೆ ದಯವಿಟ್ಟು ಅನುಮತಿ ಕೊಡಬೇಡಿ. ಅದಕ್ಕಾಗಿಯೇ ನಾನು ನಾಳೆ ಬೆಳಿಗ್ಗೆ ಹಾಕಿಸಿ ಎನ್ನುತ್ತಿಲ್ಲ, ದಿನಾಂಕ ಕೊಡಿ ಎನ್ನುತ್ತಿದ್ದೇನೆ. ದಿನಾಂಕ ಗೊತ್ತಿದ್ದರೆ ಕಾರು ಕಟ್ಟುವವರು ಮುಂದಿನ ಚಾಸಿಯನ್ನು ಹ್ಯಾಲೋ ಸಮೇತ ಯೋಚಿಸುತ್ತಾರೆ. ಗೊತ್ತಿಲ್ಲದಿದ್ದರೆ ಹಳೆಯ ಅಚ್ಚಿನಲ್ಲೇ ಇನ್ನಷ್ಟು ಕಾರು ಬರುತ್ತವೆ. ಅವು ಮತ್ತೆ ಹತ್ತು ಹದಿನೈದು ವರ್ಷ ಓಡುತ್ತವೆ.

ಟೈಟಾನಿಯಂ ದುಬಾರಿ ಎನ್ನುವ ಮಾತಿಗೆ ಉತ್ತರ ಆಗಲೇ ಇದೆ. ಎಫ್4ನಂಥ ಕೆಳಗಿನ ಮೆಟ್ಟಿಲಿನ ಕಾರುಗಳಿಗೆ ಎಫ್‌ಐಎ ಉಕ್ಕಿನ ಹ್ಯಾಲೋ ಒಪ್ಪಿದೆ. ತೂಕ ಹೆಚ್ಚು, ಬೆಲೆ ಕಡಿಮೆ. ಎಲ್ಲ ಕಾರಿಗೂ ಒಂದೇ ತೂಕ ಸೇರಿದರೆ ರೇಸಿಗೆ ಏನೂ ಅನ್ಯಾಯವಾಗದು.

ಹೊರಗೆ ಬರುವುದು ತಡ ಆಗುತ್ತದೆ ಎನ್ನುತ್ತಾರೆ. ಸ್ವಲ್ಪ ಆಗುತ್ತದೆ. ಎಫ್1ನಲ್ಲಿ 5 ಸೆಕೆಂಡಿನಲ್ಲಿ ಹೊರಬರಬೇಕೆಂಬ ನಿಯಮವನ್ನು ಹ್ಯಾಲೋ ಬಂದ ಮೇಲೆ 7 ಮಾಡಿದರು. ಅಭ್ಯಾಸ ಮಾಡಿಸಿದರೆ ಆಯಿತು. ಗ್ರೋಜಾನ್ ಬೆಂಕಿಯೊಳಗಿಂದ ಹ್ಯಾಲೋ ನಡುವೆಯೇ ತೂರಿ ಬಂದವರು.

ಅಮೆರಿಕದ ಇಂಡಿಕಾರ್ ರೇಸ್ ಸರಣಿಯಲ್ಲಿ 2020ರಿಂದ ಇರುವ ಏರೋಸ್ಕ್ರೀನ್ ಬೇಕೇ ಎಂಬ ಚರ್ಚೆಯೂ ಉಂಟು. ಟೈಟಾನಿಯಂ ಚೌಕಟ್ಟು, ಮುಂದೆ ದಪ್ಪ ಪಾಲಿಕಾರ್ಬೊನೇಟ್ ಪರದೆ. ಸ್ಪ್ರಿಂಗ್‌ನಂಥ ಸಣ್ಣ ತುಂಡುಗಳನ್ನೂ ಅದು ತಡೆಯುತ್ತದೆ. ಹ್ಯಾಲೋಗೆ ಆ ಶಕ್ತಿ ಇಲ್ಲ. ಆದರೆ ನಮ್ಮ ಹವೆಗೆ ಅದು ಹೊಂದದು ಎಂದು ನನ್ನ ಅಭಿಪ್ರಾಯ. ಪರದೆ ಬಂದರೆ ಗಾಳಿ ನಿಲ್ಲುತ್ತದೆ. ಚೆನ್ನೈ ಬಿಸಿಲಲ್ಲಿ ಮೂರು ಪದರದ ಬಟ್ಟೆ ಹಾಕಿ ಕೂತ ಹುಡುಗ ಬೆಂದುಹೋಗುತ್ತಾನೆ. ತಲೆ ಸುತ್ತಿದ ಚಾಲಕ ಇನ್ನೊಬ್ಬರಿಗೂ ಅಪಾಯ. ಪರದೆಗೆ ತಂಪು ಗಾಳಿಯ ವ್ಯವಸ್ಥೆ, ಆವಿ ಕೂರದಂತೆ ಬಿಸಿ ಮಾಡುವ ತಂತಿ ಎಲ್ಲ ಬೇಕು. ಅಷ್ಟು ಖರ್ಚು ನಮ್ಮ ಕ್ಲಾಸುಗಳು ತಾಳವು. ಹ್ಯಾಲೋ ಮತ್ತು ಒಳ್ಳೆಯ ಹೆಲ್ಮೆಟ್, ಈ ಜೋಡಿ ನಮಗೆ ಸಾಕು.

ಹೆಲ್ಮೆಟ್ ವಿಷಯಕ್ಕೆ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ರೇಸ್ ದಿನ ಸ್ಕ್ರೂಟಿನಿಯಲ್ಲಿ, ಅಂದರೆ ರೇಸಿಗೆ ಮುಂಚಿನ ತಪಾಸಣೆಯಲ್ಲಿ, ಹೆಲ್ಮೆಟ್‌ನ ಮಾನದಂಡದ ಸ್ಟಿಕ್ಕರ್ ನೋಡುತ್ತಾರೆ, ಸರಿ. ಅಭ್ಯಾಸದ ದಿನ? ಒಂದು ತರಬೇತಿಯಲ್ಲಿ ಒಂದೇ ಹೆಲ್ಮೆಟ್ ಮೂವರು ಹುಡುಗರ ತಲೆಯ ಮೇಲೆ ಸುತ್ತುವುದನ್ನು ನಾನು ನೋಡಿದ್ದೇನೆ. ಒಬ್ಬನಿಗೆ ಬಿಗಿ, ಒಬ್ಬನಿಗೆ ಸಡಿಲ. ಅದು ಹಿಂದೆ ಎಲ್ಲಿ ಬಿದ್ದಿತ್ತು, ಯಾರಿಗೂ ಗೊತ್ತಿಲ್ಲ. ಹೆಲ್ಮೆಟ್ ಒಳಗಿನ ದಪ್ಪ ಥರ್ಮೋಕೋಲ್ ಪದರ ನಜ್ಜಾಗಿಯೇ ಹೊಡೆತವನ್ನು ನುಂಗುವುದು. ಒಮ್ಮೆ ನಜ್ಜಾದರೆ ಮತ್ತೆ ಏಳುವುದಿಲ್ಲ. ಹೊರಗಿನ ಚಿಪ್ಪು ಮಾತ್ರ ಫಳಫಳ ಹೊಳೆಯುತ್ತಿರುತ್ತದೆ. ಬೈಕಿನ ಹೆಲ್ಮೆಟ್ ಹಾಕಿ ಬಂದವರನ್ನೂ ಕಂಡಿದ್ದೇನೆ. ಹೆಲ್ಮೆಟ್ ಪರೀಕ್ಷಿಸುವ ಅಮೆರಿಕದ ಸ್ನೆಲ್ ಸಂಸ್ಥೆಯ ‘ಎಸ್‌ಎ’ ಮಾನದಂಡದ ಕಾರ್ ರೇಸ್ ಹೆಲ್ಮೆಟ್‌ಗೆ ಬೆಂಕಿಯ ಪರೀಕ್ಷೆ ಇದೆ, ರೋಲ್ ಬಾರ್‌ಗೆ ಬಡಿಯುವ ಪರೀಕ್ಷೆ ಇದೆ. ಬೈಕಿನ ಹೆಲ್ಮೆಟ್‌ಗೆ ಇವೆರಡೂ ಇಲ್ಲ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಅವರ ಕುತ್ತಿಗೆ ಎಳೆಯದು. ದೊಡ್ಡವರ ಭಾರದ ಹೆಲ್ಮೆಟ್ ಅವರಿಗೆ ಸಲ್ಲದು. ಕಾರ್ಟಿಂಗ್ ಮಕ್ಕಳಿಗೆಂದೇ ಸ್ನೆಲ್ ಮತ್ತು ಎಫ್‌ಐಎ ಸೇರಿ ಸಿಎಂಆರ್ ಎಂಬ ಹಗುರ ಹೆಲ್ಮೆಟ್ ಮಾನದಂಡ ಮಾಡಿವೆ. ಈ ಹೆಸರು ನಮ್ಮ ಎಷ್ಟು ಜನ ತಂದೆ ತಾಯಿಗೆ ಗೊತ್ತಿದೆ? ಕನ್ನಡದಲ್ಲಿ ಒಂದು ಪುಟದ ಮಾಹಿತಿ ಮಾಡಿ ಲೈಸೆನ್ಸ್ ಅರ್ಜಿಯ ಜತೆ ಕೊಟ್ಟರೆ ನಿಮಗೆ ಹೆಚ್ಚು ಖರ್ಚಾಗದು.

ಅಪಘಾತದಲ್ಲಿ ತಲೆ ಮುಂದಕ್ಕೆ ಎಸೆಯದಂತೆ ಹೆಲ್ಮೆಟ್ಟನ್ನು ಹಿಡಿದು ಕುತ್ತಿಗೆ ಕಾಯುವ ಹ್ಯಾನ್ಸ್ ಸಾಧನದ್ದೂ ಅದೇ ಕತೆ. ತಲೆ ಮತ್ತು ಹೆಲ್ಮೆಟ್ ಸೇರಿ ಆರೂವರೆ ಕೆ.ಜಿ. ಎಂದುಕೊಳ್ಳಿ. 50ಜಿ, ಅಂದರೆ ಗುರುತ್ವದ 50 ಪಟ್ಟಿನ, ಹೊಡೆತದಲ್ಲಿ ಅದು ಮುನ್ನೂರು ಕೆ.ಜಿ. ಮೀರಿದ ಭಾರವಾಗಿ ಕುತ್ತಿಗೆಯನ್ನು ಎಳೆಯುತ್ತದೆ. ಬೆಲ್ಟು ಎದೆಯನ್ನು ಹಿಡಿದಿರುತ್ತದೆ, ತಲೆಯನ್ನು ಹಿಡಿಯಲು ಏನೂ ಇರುವುದಿಲ್ಲ. ತಲೆಬುರುಡೆಯ ಬುಡ ಮುರಿಯುವುದು ಹೀಗೆ. ಇಮೋಲಾದಲ್ಲಿ 1994ರಲ್ಲಿ ಸೆನ್ನಾ ಅವರಿಗಿಂತ ಒಂದು ದಿನ ಮುಂಚೆ ತೀರಿಕೊಂಡ ರೋಲಂಡ್ ರಾಟ್ಜೆನ್‌ಬರ್ಗರ್ ಅವರಿಗೆ ಆದದ್ದು ಇದೇ. ಎಫ್1ನಲ್ಲಿ 2003ರಿಂದ ಹ್ಯಾನ್ಸ್ ಕಡ್ಡಾಯ. ಅಭ್ಯಾಸದ ದಿನ “ಇವತ್ತು ಟೈಮಿಂಗ್ ಇಲ್ಲ, ಬಿಡು ಮಾರಾಯ” ಎಂದು ಅದನ್ನು ಬ್ಯಾಗಲ್ಲೇ ಬಿಡುವವರಿದ್ದಾರೆ. ಗೋಡೆಗೆ ಟೈಮಿಂಗ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಟ್ರ್ಯಾಕಿಗೆ ಕಾರು ಇಳಿಯುವ ಪ್ರತಿ ದಿನಕ್ಕೂ ರೇಸ್ ದಿನದ ನಿಯಮವೇ ಅನ್ವಯಿಸಲಿ. ತಪ್ಪಿದರೆ ಟ್ರ್ಯಾಕ್ ಬಾಡಿಗೆಗೆ ಪಡೆದವರನ್ನು ಹೊಣೆ ಮಾಡಿ, ಹುಡುಗನನ್ನಲ್ಲ.

ವೀಲ್ ಟೆದರ್ ಬಗ್ಗೆ ಎರಡು ಮಾತು. ಸಸ್ಪೆನ್ಷನ್ ಮುರಿದರೂ ವೀಲ್ ಹಾರಿಹೋಗದಂತೆ ಹಿಡಿದಿಡುವ ಹಗ್ಗ ಅದು. ಎಫ್1ನಲ್ಲಿ 2011ರಲ್ಲಿ ಪ್ರತಿ ವೀಲ್‌ಗೆ ಎರಡು ಬೇಕು ಎಂದು ನಿಯಮ ಮಾಡಿದರು. ಹಳೆಯ ಕಾರಿಗೆ ಹ್ಯಾಲೋ ಹಾಕಲಾಗದಿದ್ದರೂ ಟೆದರ್ ಹಾಕಬಹುದು. ಕಾಕ್‌ಪಿಟ್ ಅಂಚಿಗೆ ತಲೆಯ ಎರಡೂ ಬದಿ ಒಳ್ಳೆಯ ಫೋಮ್ ಹಾಕಬಹುದು. ಇವು ಈ ಸೀಸನ್‌ನಲ್ಲೇ ಆಗಬೇಕಾದ ಕೆಲಸ.

ಇಷ್ಟೆಲ್ಲ ಕೇಳಿ ಕೈಕಟ್ಟಿ ಕೂರುವವರು ನಾವಲ್ಲ. ಮಣಿಪಾಲದಲ್ಲಿ, ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ತಾವೇ ಕಾರು ಕಟ್ಟುತ್ತಾರೆ. ಆ ಸ್ಪರ್ಧೆಯ ನಿಯಮ ನೋಡಿ: ಹಿಂದಿನ ಹೂಪ್‌ನ ತುದಿಯಿಂದ ಮುಂದಿನ ಹೂಪ್‌ನ ತುದಿಗೆ ಗೆರೆ ಎಳೆದರೆ ಚಾಲಕನ ಹೆಲ್ಮೆಟ್ ಆ ಗೆರೆಗಿಂತ 50 ಮಿ.ಮೀ. ಕೆಳಗಿರಬೇಕು. ಕಾಲೇಜು ಮಕ್ಕಳ ಕಾರು ಈ ಅಳತೆಯಲ್ಲಿ ಪಾಸಾದರೆ ಮಾತ್ರ ಓಡುತ್ತದೆ. ನಮ್ಮ ದೇಶಿ ರೇಸ್ ಕಾರುಗಳನ್ನೂ ಒಮ್ಮೆ ಹೀಗೆ ಅಳೆಯಿರಿ. ಎತ್ತರದ ಚಾಲಕ ಕೂತಾಗಲೇ ಅಳೆಯಿರಿ. ಫಲಿತಾಂಶವನ್ನು ಎಲ್ಲರಿಗೂ ತಿಳಿಯುವ ಹಾಗೆ ಪ್ರಕಟಿಸಿ.

ಉಕ್ಕಿನ ಹ್ಯಾಲೋ ಮತ್ತು ಅದರ ಬುಡದ ಬ್ರಾಕೆಟ್ ಪರೀಕ್ಷೆಗೆ ವಿದೇಶಕ್ಕೇ ಹೋಗಬೇಕು ಎಂಬ ಭಯವೂ ಬೇಡ. ಕೊನೆಯ ಮಂಜೂರಾತಿಗೆ ಎಫ್‌ಐಎ ಒಪ್ಪಿದ ಲ್ಯಾಬ್ ಬೇಕು, ಹೌದು. ಆದರೆ ಮೊದಲ ಹಂತದ ಒತ್ತಡ ಪರೀಕ್ಷೆ ಇಲ್ಲೇ ಆಗುತ್ತದೆ. ಈ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ಕಾಂಕ್ರೀಟ್ ಒಡೆದು ನೋಡುವ ಯಂತ್ರಗಳು 100 ಟನ್ ಮೀರಿ ಒತ್ತುತ್ತವೆ. ನಮಗೆ ಬೇಕಾದದ್ದು 12 ಟನ್. ಸರಿಯಾದ ದಿಕ್ಕಿನಿಂದ ಒತ್ತಲು ಒಂದು ಗಟ್ಟಿ ಚೌಕಟ್ಟು ಮಾಡಿಕೊಳ್ಳಬೇಕು, ಅಷ್ಟೇ. ಕಂಪ್ಯೂಟರಿನಲ್ಲಿ ಭಾರದ ಲೆಕ್ಕ ಹಾಕುವ ಹುಡುಗಿಯರು, ಹುಡುಗರು ಆ ಕ್ಯಾಂಪಸ್‌ಗಳಲ್ಲೇ ಇದ್ದಾರೆ. ಬೆಂಗಳೂರಿನ ಕುಶ್ ಮೈನಿ ಎಫ್2ನಲ್ಲಿ ಹ್ಯಾಲೋ ಇರುವ ಕಾರು ಓಡಿಸಿ 2025ರಲ್ಲಿ ಮೊನಾಕೊದಲ್ಲಿ ಗೆದ್ದರು. ಅದನ್ನು ನೋಡಿ ಕುಣಿದ ಮಕ್ಕಳು ಇವರು. ಕೆಲಸ ಕೊಟ್ಟರೆ ಮಾಡುತ್ತಾರೆ.

ಹಾಗಾಗಿ ನಿಮ್ಮ ಮುಂದಿನ ಸಭೆಗೆ ಮೊದಲು ಒಂದು ಸಣ್ಣ ಸಮಿತಿ ಮಾಡಿ. ಅದರಲ್ಲಿ ಕಾರು ಕಟ್ಟುವವರು, ಒಬ್ಬ ನ್ಯೂರೋ ಸರ್ಜನ್, ಒಬ್ಬ ಸ್ಕ್ರೂಟಿನಿಯರ್, ಒಬ್ಬ ಕಾಲೇಜು ಪ್ರಾಧ್ಯಾಪಕರು, ಮತ್ತು ಕಡ್ಡಾಯವಾಗಿ ಒಬ್ಬ ತಾಯಿಯೋ ತಂದೆಯೋ ಇರಲಿ. ಹೊಸ ಚಾಸಿಗೆ ಒಂದು ದಿನಾಂಕ, ಹಳೆಯ ಕಾರು ನಿಲ್ಲಿಸುವುದಕ್ಕೆ ಇನ್ನೊಂದು ದಿನಾಂಕ, ಇವೆರಡನ್ನೂ ಬರಹದಲ್ಲಿ ಹೇಳಿ. ಅಳತೆ ಶುರು ಮಾಡಲು ಒಂದು ಹಳೆಯ ಚಾಸಿ ಬೇಕಾದರೆ ಮಂಗಳೂರಿಗೆ ಕಳುಹಿಸಿ. ಜಾಗ ನನ್ನ ಗ್ಯಾರೇಜಿನಲ್ಲಿದೆ. ಬಾಡಿಗೆ ಬೇಡ.

ಇತಿ ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,
ಒಬ್ಬ ರೇಸ್ ಮೆಕ್ಯಾನಿಕ್
ಬಿಜೈ, ಮಂಗಳೂರು